ಮಗಳು ಕೇಳಿದ ಪ್ರಶ್ನೆ

ಮಕ್ಕಳು ಚಿಕ್ಕವರಿದ್ದಾಗ ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳುವುದು ಸುಲಭ. ಆಕಾಶ ಏಕೆ ನೀಲಿ, ಗಣಪತಿಗೆ ಆನೆಯ ಮುಖ ಹೇಗೆ ಬಂತು, ಇತ್ಯಾದಿ. ಹೈಸ್ಕೂಲು ಮುಗಿಸುವ ಹೊತ್ತಿಗೆ ಅವರು ಕೇಳುವ ಪ್ರಶ್ನೆಗಳೇ ಕಷ್ಟದವು. ಅಂಥದೊಂದು ಪ್ರಶ್ನೆಯನ್ನು ನನ್ನ ಮಗಳು 2023ರ ಬೇಸಿಗೆಯಲ್ಲಿ ಕೇಳಿದಳು.

ಆ ವರ್ಷ ಜೂನ್ 29ರ ಗುರುವಾರ ಅಮೆರಿಕದ ಸುಪ್ರೀಂ ಕೋರ್ಟು ಹಾರ್ವರ್ಡ್ ಮತ್ತು ನಾರ್ತ್ ಕೆರೋಲಿನಾ ವಿಶ್ವವಿದ್ಯಾಲಯಗಳ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಕಾಲೇಜು ಪ್ರವೇಶಕ್ಕೆ ಜನಾಂಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ ಎಂಬುದು ಅದರ ಸಾರಾಂಶ. ಎರಡು ದಿನ ಬಿಟ್ಟು ಶನಿವಾರ, ಮಾನ್ಮತ್ ಜಂಕ್ಷನ್‌ನ ನಮ್ಮ ಮನೆಯ ಹಿತ್ತಲಿನಲ್ಲಿ ಏಳೆಂಟು ಕನ್ನಡ ಕುಟುಂಬಗಳು ಸೇರಿದ್ದವು. ಬಿಸಿಬೇಳೆಬಾತ್, ಮೊಸರನ್ನ, ಗ್ರಿಲ್ ಮೇಲೆ ಸುಟ್ಟ ಜೋಳ. ಗಂಡಸರ ಗುಂಪಿನಲ್ಲಿ ತೀರ್ಪಿನದೇ ಮಾತು. "ಇನ್ನಾದರೂ ನಮ್ಮ ಮಕ್ಕಳಿಗೆ ನ್ಯಾಯ ಸಿಗುತ್ತೆ" ಎಂದರು ಒಬ್ಬರು. "ಊರಲ್ಲಿ ಕೋಟಾ ತಪ್ಪಿಸಿಕೊಂಡು ಬಂದರೆ ಇಲ್ಲೂ ಕೋಟಾ!" ಎಂದರು ಇನ್ನೊಬ್ಬರು. ಎಲ್ಲರೂ ನಕ್ಕರು. ನಾನೂ ನಕ್ಕೆ. "ಕೊನೆಗೂ ಮೆರಿಟ್ ಗೆದ್ದಿತು" ಎಂದು ಒಂದು ಮಾತನ್ನೂ ಸೇರಿಸಿದೆ.

ರಾತ್ರಿ ಎಲ್ಲರೂ ಹೋದ ಮೇಲೆ ಪೇಪರ್ ತಟ್ಟೆಗಳನ್ನು ಚೀಲಕ್ಕೆ ತುಂಬುತ್ತಾ ಮಗಳು ಕೇಳಿದಳು: "ಅಪ್ಪ, ನಿಂಗೆ ಮೆಡಿಕಲ್ ಸೀಟು ಹೇಗೆ ಸಿಕ್ತು?"

"ಓದಿ ಸಿಕ್ತು" ಎಂದೆ. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಓದುಗರಲ್ಲಿ ನನ್ನ ಆ ಸ್ನೇಹಿತರೂ ಇದ್ದಾರೆ. ಅವರಿಗೂ ಈವರೆಗೆ ಹೇಳದ ಮಾತನ್ನು ಇಲ್ಲಿ ಹೇಳುತ್ತಿದ್ದೇನೆ. ನನ್ನ ತಂದೆ ನೇಕಾರರು. ಮನೆಯ ನಡುವೆ ಕುಳಿಮಗ್ಗ, ಅದರ ಸದ್ದಿನಲ್ಲೇ ನಮ್ಮ ಪಾಠ. ಅಪ್ಪ ಓದಿದ್ದು ನಾಲ್ಕನೇ ಇಯತ್ತೆ, ಅಮ್ಮನಿಗೆ ಹೆಬ್ಬೆಟ್ಟು. 1988ರಲ್ಲಿ ನನಗೆ ಎಂ.ಬಿ.ಬಿ.ಎಸ್. ಸೀಟು ಸಿಕ್ಕಿದ್ದು ಹಿಂದುಳಿದ ವರ್ಗದ ಮೀಸಲಾತಿಯಲ್ಲಿ. ಜನರಲ್ ಮೆರಿಟ್ ಪಟ್ಟಿಗೆ ಕೆಲವೇ ಅಂಕ ಕಡಿಮೆ ಬಿದ್ದಿತ್ತು. ತಾಲ್ಲೂಕು ಕಚೇರಿಯಲ್ಲಿ ಸರ್ಟಿಫಿಕೇಟಿಗಾಗಿ ಅಪ್ಪ ಮೂರು ದಿನ ಮಗ್ಗ ನಿಲ್ಲಿಸಿ ಕಾದಿದ್ದರು.

ನಾನು ಎರಡನೇ ವರ್ಷದಲ್ಲಿದ್ದಾಗ, 1990ರ ಆಗಸ್ಟ್‌ನಲ್ಲಿ ಪ್ರಧಾನಿ ವಿ.ಪಿ. ಸಿಂಗ್ ಮಂಡಲ್ ವರದಿಯನ್ನು ಜಾರಿಗೆ ತರುವುದಾಗಿ ಘೋಷಿಸಿದರು. ದೇಶದ ತುಂಬ ವಿದ್ಯಾರ್ಥಿಗಳ ಗಲಾಟೆ. ನಮ್ಮ ಹಾಸ್ಟೆಲಿನ ಮೆಸ್ಸಿನಲ್ಲಿ "ಕೋಟಾ ಡಾಕ್ಟರ ಕೈಗೆ ಹೊಟ್ಟೆ ಕೊಯ್ಯಲು ಕೊಡ್ತೀರಾ?" ಎಂಬ ಜೋಕು ಓಡಾಡುತ್ತಿತ್ತು. ನಾನು ತಲೆ ಬಗ್ಗಿಸಿ ಊಟ ಮಾಡುತ್ತಿದ್ದೆ. ಫೈನಲ್ ಪರೀಕ್ಷೆಯಲ್ಲಿ ಪಾಸಾಗುವ ಅಂಕ ಎಲ್ಲರಿಗೂ ಒಂದೇ ಎಂದು ಹೇಳುವ ಧೈರ್ಯ ಬರಲಿಲ್ಲ. ಎಂ.ಡಿ. ಮುಗಿಸಿ ಅಮೆರಿಕಕ್ಕೆ ಬಂದಾಗ, ಇಲ್ಲಿ ಯಾರೂ ಕೇಳುವುದಿಲ್ಲವಲ್ಲ ಎಂಬುದೇ ದೊಡ್ಡ ನೆಮ್ಮದಿಯಾಗಿತ್ತು.

ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತಾ ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ, ಬೇಸರವಾಯಿತು. "ಮತ್ತೆ ನಿನ್ನೆ ಯಾಕಪ್ಪ ಅವರ ಜೊತೆ ನಕ್ಕೆ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಅವಳು ಶಾಲೆಯಲ್ಲಿ ಆ ವರ್ಷ ಅಮೆರಿಕದ ಇತಿಹಾಸ ಓದಿದ್ದಳು. "ನೀವೆಲ್ಲ ಕೋಟಾ ಕೋಟಾ ಅಂತೀರಿ. ಇಲ್ಲಿ ಕಾಲೇಜು ಕೋಟಾ 1978ರಲ್ಲೇ ಹೋಯ್ತು" ಎಂದಳು. ಬಾಕಿ ಎಂಬ ಬಿಳಿಯ ಅಭ್ಯರ್ಥಿ ಡೇವಿಸ್ ಮೆಡಿಕಲ್ ಕಾಲೇಜಿನ ಮೇಲೆ ಹಾಕಿದ ಮೊಕದ್ದಮೆ ಅದು. ಅಲ್ಲಿ 100ರಲ್ಲಿ 16 ಸೀಟು ಕಾದಿರಿಸಿದ್ದರು. ಹಾಗೆ ಕಾದಿರಿಸಬಾರದು, ಆದರೆ ಜನಾಂಗವನ್ನು ಹಲವು ಅಂಶಗಳಲ್ಲಿ ಒಂದಾಗಿ ಗಮನಿಸಬಹುದು ಎಂದಿತ್ತು ಕೋರ್ಟು. 2023ರಲ್ಲಿ ಹೋದದ್ದು ಆ ಉಳಿದ ಅವಕಾಶ. ನನಗೆ ನೆನಪಾದದ್ದು ನಮ್ಮ ದೇಶದ ಚಂಪಕಂ ದೊರೈರಾಜನ್ ಮೊಕದ್ದಮೆ. ಮದ್ರಾಸಿನಲ್ಲಿ ಅದೂ ಮೆಡಿಕಲ್ ಸೀಟಿನ ವಿಷಯವೇ. ಕೋರ್ಟು ಮೀಸಲಾತಿ ಆದೇಶವನ್ನು ತಳ್ಳಿಹಾಕಿದಾಗ, 1951ರಲ್ಲಿ ಸಂವಿಧಾನಕ್ಕೇ ತಿದ್ದುಪಡಿ ತಂದು ಅವಕಾಶ ಕಲ್ಪಿಸಿದರು.

ನಾನೂ ನನಗೆ ಗೊತ್ತಿದ್ದುದನ್ನು ಅವಳಿಗೆ ಹೇಳಿದೆ. ನಮ್ಮ ಮೈಸೂರಿನಲ್ಲಿ ಇದು ಸ್ವಾತಂತ್ರ್ಯಕ್ಕೂ ಹಳೆಯ ಮಾತು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲೇ ಮಿಲ್ಲರ್ ಸಮಿತಿ ನೇಮಿಸಿದರು. ಈ ವಿಷಯದಲ್ಲಿ ದಿವಾನ್ ವಿಶ್ವೇಶ್ವರಯ್ಯನವರಿಗೆ ಭಿನ್ನಾಭಿಪ್ರಾಯವಿತ್ತು. ಇಬ್ಬರೂ ನಾಡಿನ ಹಿತ ಬಯಸಿದವರೇ. ಮುಂದೆ ದೇವರಾಜ ಅರಸರ ಕಾಲದಲ್ಲಿ, 1972ರಲ್ಲಿ ನೇಮಕವಾದ ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತು. ನನ್ನಂಥವರು ಕಾಲೇಜಿನ ಮೆಟ್ಟಿಲು ಹತ್ತಿದ್ದು ಆ ದಾರಿಯಲ್ಲಿ.

"ಇನ್ನೊಂದು ದಾರೀನೂ ಇದೆ" ಎಂದಳು ಮಗಳು. ಅಮೆರಿಕಕ್ಕೆ ವಲಸೆ ಬರಲು 1946ರಿಂದ ಭಾರತಕ್ಕಿದ್ದ ಪಾಲು ವರ್ಷಕ್ಕೆ ನೂರು ಜನ ಮಾತ್ರ. ಕಪ್ಪು ಜನರ ಹೋರಾಟದಿಂದ 1964ರಲ್ಲಿ ನಾಗರಿಕ ಹಕ್ಕುಗಳ ಕಾಯಿದೆ, 1965ರಲ್ಲಿ ಮತದಾನದ ಹಕ್ಕಿನ ಕಾಯಿದೆ ಬಂದವು. ಅದೇ ಗಾಳಿಯಲ್ಲಿ 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಜಾನ್ಸನ್ ಹೊಸ ವಲಸೆ ಕಾಯಿದೆಗೆ ಸಹಿ ಹಾಕಿದರು, ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಕೆಳಗೆ. ಊರಿಂದ ನೆಂಟರು ಬಂದಾಗಲೆಲ್ಲ ಅವರನ್ನು ಅಲ್ಲಿಗೆ ಕರೆದೊಯ್ದು ಫೋಟೋ ತೆಗೆಸಿದ್ದೇನೆ. ಈ ಸಂಗತಿ ಒಮ್ಮೆಯೂ ಹೊಳೆದಿರಲಿಲ್ಲ.

ಹಾಗೆಂದು ಮಗಳು ಒಂದೇ ಪಕ್ಷದ ಮಾತಾಡಲಿಲ್ಲ. ಅವಳ ಚೀನೀ ಗೆಳತಿಗೆ ತೀರ್ಪಿನಿಂದ ಖುಷಿಯಾಗಿತ್ತು, ಅವಳ ಮಾತಿನಲ್ಲೂ ನ್ಯಾಯವಿದೆ ಎಂದಳು. ತನಗೇ ಲಾಭವಾದರೂ ಆಗಬಹುದು ಎಂದಳು. ಇನ್ನೊಬ್ಬ ಗೆಳತಿ, ಕಪ್ಪು ಹುಡುಗಿ, "ಇನ್ನು ಮೇಲೆ ನಂಗೆ ಸುಮ್ನೆ ಸೀಟು ಸಿಕ್ತು ಅಂತ ಯಾರೂ ಅನ್ನಲ್ಲ ಬಿಡು" ಎಂದು ಫೋನಿನಲ್ಲಿ ನಕ್ಕಳಂತೆ. ಆಮೇಲೆ ಅತ್ತಳಂತೆ. ಅದನ್ನು ಕೇಳಿದಾಗ ನನಗೆ ಹಾಸ್ಟೆಲಿನ ಮೆಸ್ಸು ನೆನಪಾಯಿತು. ಆ ಹುಡುಗಿ ನಮ್ಮ ಮನೆಯಲ್ಲಿ ಎಷ್ಟೋ ಸಲ ದೋಸೆ ತಿಂದವಳು.

ಮುಖ್ಯ ನ್ಯಾಯಾಧೀಶ ರಾಬರ್ಟ್ಸ್ ಬರೆದ ತೀರ್ಪಿನಲ್ಲಿ ಒಂದು ಮಾತಿದೆ: ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತು ಎಂದು ವಿದ್ಯಾರ್ಥಿ ಪ್ರಬಂಧದಲ್ಲಿ ಬರೆದರೆ ಕಾಲೇಜು ಅದನ್ನು ಗಮನಿಸಬಹುದು. ಮಗಳು ಇದನ್ನು ಹೇಳಿ, "ಹಾಗಾದ್ರೆ ನಿನ್ನ ಕಥೆ, ತಾತನ ಮಗ್ಗದ ಕಥೆ ನನ್ನ ಎಸ್ಸೇನಲ್ಲಿ ಬರೀಲಾ?" ಎಂದಳು. ನನ್ನ ಬಾಯಿಂದ ತಕ್ಷಣ ಬಂದದ್ದು "ಬೇಡಮ್ಮ". ಮೂವತ್ತೈದು ವರ್ಷ ಮುಚ್ಚಿಟ್ಟ ಅಭ್ಯಾಸ ಅಷ್ಟು ಸುಲಭವಾಗಿ ಹೋಗುವುದೆ? ಎರಡು ವಾರ ಯೋಚಿಸಿ, "ಬರಿ" ಎಂದೆ.

ಕೊನೆಗೆ ಅವಳು ಬರೆಯಲಿಲ್ಲ. ತನ್ನ ವಿಷಯವೇ ಬರೆದು, ಮರುವರ್ಷ ಕಾಲೇಜು ಸೇರಿದಳು. ಕೇಳಿದರೆ, "ಮಗ್ಗದ ಮನೇಲಿ ಹುಟ್ಟಿದ್ದು ನೀನು, ಡಾಕ್ಟರ ಮನೇಲಿ ಹುಟ್ಟಿದ್ದು ನಾನು. ನಿನ್ನ ಕಷ್ಟ ನಾನು ಬಳಸಿಕೊಂಡ್ರೆ ಸರಿಯಿರಲ್ಲ. ಅದು ನಿನ್ನ ಕಥೆ ಅಪ್ಪ, ನೀನೇ ಬರಿ" ಎಂದಳು.

ಈ ಸಲ ಸಂಚಿಕೆಯ ಸಂಪಾದಕರು ಏನಾದರೂ ಬರೆದುಕೊಡಿ ಎಂದಾಗ ಆ ಮಾತು ನೆನಪಾಯಿತು. ಅದಕ್ಕೇ ಬರೆದೆ. ಮುಂದಿನ ಸಲ ನಮ್ಮ ಹಿತ್ತಲಿನಲ್ಲಿ ಸೇರಿದಾಗ ಸ್ನೇಹಿತರು ವಾದ ಮಾಡಲಿ, ನಾನೂ ಮಾಡುತ್ತೇನೆ. ಈ ಬಾರಿ ಸುಮ್ಮನೆ ನಗುವುದಿಲ್ಲ, ಅಷ್ಟೆ.