ಸಾಕೆಟ್ಟಿನಾಚೆಯ ಹೊಂದಾಣಿಕೆ

ಸಾಕೆಟ್ ಹೊಂದಿದ ಮಾತ್ರಕ್ಕೆ ಜೋಡಿ ಹೊಂದಿತೆನ್ನಲಾಗದು. ಇಚಲಕರಂಜಿಯಲ್ಲಿ ಮಗ್ಗ ನಡೆಸುವ ನನ್ನಣ್ಣ, ಮಗನ ಗಣಕಯಂತ್ರಕ್ಕೆಂದು ಕೂಡಿಟ್ಟ ಹಣವನ್ನು ನನ್ನ ಕೈಗಿತ್ತಿದ್ದನು. ಕೊಲ್ಲಾಪುರದ ಅಂಗಡಿಯೊಂದರಲ್ಲಿ ಸೂಚಿಸಿದ್ದು ಇಂಟೆಲ್ ಐ5-12600ಕೆ ಪ್ರೊಸೆಸರ್, ಬಿ660 ಮದರ್‌ಬೋರ್ಡ್. ಎರಡರದೂ ಎಲ್‌ಜಿಎ 1700 ಸಾಕೆಟ್ಟೇ. ಯಂತ್ರ ನಡೆಯುವುದರಲ್ಲಿ ಸಂಶಯವಿಲ್ಲ. ಆದರೆ ಹುಡುಗನಿಗೆ ಬೇಕಾದದ್ದು ನಿಗದಿತ ವೇಗವನ್ನು ಮೀರಿಸುವ ಓವರ್‌ಕ್ಲಾಕಿಂಗ್. ‘ಕೆ’ ಎಂಬ ಅಕ್ಷರಕ್ಕೆ ಹೆಚ್ಚು ಹಣ ತೆತ್ತರೂ ಮಲ್ಟಿಪ್ಲೈಯರ್ ಏರಿಸಲು ಝಡ್690ರಂಥ ಚಿಪ್‌ಸೆಟ್ಟೇ ಬೇಕು. ಅದರ ಬೆಲೆಯೋ ನಮ್ಮ ಗಂಟಿಗೆ ನಿಲುಕದ್ದು! ಕೊನೆಗೆ ಎಎಂಡಿಯ ರೈಜನ್ 5 5600, ಜೊತೆಗೆ ಬಿ550 ಬೋರ್ಡ್ ಆರಿಸಿದೆವು. ಅದೇ ಸಾಕೆಟ್ಟಿನ ಅಗ್ಗದ ಎ520ರಲ್ಲಿ ಈ ಅವಕಾಶವಿಲ್ಲ. ಪ್ರೊಸೆಸರಿಗೆ ವಿದ್ಯುತ್ ಪೂರೈಸುವ ಭಾಗದ ಮೇಲೆ ಹೀಟ್‌ಸಿಂಕ್ ಇದೆಯೇ ಎಂದು ಹೇಳಿದ ಕೂಡಲೇ ಬಗ್ಗಿ ನೋಡಿದವನು ಅಣ್ಣನೇ. “ಮಗ್ಗದ ವೇಗ ಏರಿಸಿದರೆ ಮೊದಲು ಹರಿಯುವುದು ಹಾಸಿನ ಎಳೆ” ಎಂದನು. ಬೇಸಿಗೆ ಕಳೆಯುವವರೆಗೆ ವೇಗ ಏರಿಸಕೂಡದೆಂಬುದೂ ಅವನದೇ ಅಪ್ಪಣೆ.