ಸುತ್ತ 132 ಅಡಿ

ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಮೂವತ್ತೇಳು ತಗೊಂಡವನು ನಾನು. ಅಂಥವನ ತಲೆಗೆ ಹೋದ ತಿಂಗಳು ಅಪ್ಪನ ರಿಟೈರ್‌ಮೆಂಟ್ ದುಡ್ಡಿನ ಲೆಕ್ಕ ಬಿತ್ತು ಅಂದ್ರೆ ನಂಬ್ತೀರಾ?

ಮೈಸೂರಲ್ಲಿ ಸೈಟು ಅಂದ್ರೆ ಮೂವತ್ತು-ನಲವತ್ತು ಇಲ್ಲಾ ನಲವತ್ತು-ಅರವತ್ತು. 1200, 2400 ಚದರಡಿ ಅಂತ ಬಾಯಿಗೇ ಬರುತ್ತೆ. ಅಪ್ಪ ಮೆಚ್ಚಿದ್ದು ಬೋಗಾದಿ ಕಡೆ ರಸ್ತೆ ತಿರುಗೋ ಜಾಗದ ಒಂದು ಸೊಟ್ಟ ಸೈಟು. ಮುಂದೆ 30 ಅಡಿ, ಎಡಕ್ಕೆ 40, ಹಿಂದೆ 14, ಬಲಕ್ಕೆ 48. ಬ್ರೋಕರ್ ಟೇಪ್ ಸುತ್ತಿಕೊಳ್ಳುತ್ತಾ, "ಸುತ್ತ 132 ಅಡಿ ಯಜಮಾನ್ರೇ, ಸರಿಯಾಗಿ ಒಂದು ಗುಂಟೆ" ಅಂದನಂತೆ. ಹಳ್ಳಿಯಲ್ಲಿ ಬೆಳೆದ ಅಪ್ಪನಿಗೆ ಗುಂಟೆ ಅಂದ್ರೆ 33 ಅಡಿಗೆ 33 ಅಡಿ, ಸುತ್ತಳತೆ 132, ವಿಸ್ತೀರ್ಣ 1089 ಅನ್ನೋದು ಚೆನ್ನಾಗಿ ಗೊತ್ತು. ಚದರಡಿಗೆ 2500ರಂತೆ ಒಪ್ಪಿ ಅಡ್ವಾನ್ಸೂ ಕೊಟ್ಟು ಬಂದಿದ್ದರು!

ನನಗ್ಯಾಕೋ ಕಸಿವಿಸಿ. ದಾರದ ಎರಡು ತುದಿ ಗಂಟು ಹಾಕಿ ಚೌಕವಾಗಿ ಹಿಡಿದರೆ ಒಳಗೆ ಎಷ್ಟೊಂದು ಜಾಗ. ಅದೇ ದಾರ ಎಳೆದು ಹಿಡಿದರೆ ಬೆರಳೂ ತೂರಲ್ಲ. ಸುತ್ತಳತೆ ಮಾತ್ರ ಅಷ್ಟೇ.

ಫೋನ್ ಮಾಡಿ ಕೇಳಿದ್ದಕ್ಕೆ ಬ್ರೋಕರ್ ಎದುರುಬದುರು ಬದಿಗಳ ಸರಾಸರಿ ತೆಗೆದ. 22 ಗುಣಿಸು 44, 968. ಆಗಲೇ ನೂರಿಪ್ಪತ್ತೊಂದು ಅಡಿ ಮಾಯ! ಈ ಸರಾಸರಿ ಲೆಕ್ಕವೂ ಹಳೇದೇ. ಒಂಬತ್ತನೇ ಶತಮಾನದಲ್ಲಿ, ನೃಪತುಂಗನ ಕಾಲದ ಮಹಾವೀರಾಚಾರ್ಯ 'ಗಣಿತಸಾರ ಸಂಗ್ರಹ'ದಲ್ಲಿ ಇದನ್ನು ವ್ಯವಹಾರಕ್ಕೆ ಸಾಕಾಗುವ ಲೆಕ್ಕ ಅಂತಿಟ್ಟು, ಸೂಕ್ಷ್ಮ ಲೆಕ್ಕವನ್ನು ಬೇರೆಯಾಗಿ ಹೇಳಿದ್ದಾನೆ. ಎರಡೂವರೆ ಸಾವಿರದ ಚದರಡಿಗೆ ಸೂಕ್ಷ್ಮವೇ ಬೇಕಲ್ವಾ?

ಭಾನುವಾರ ಅಪ್ಪನನ್ನು ಕರ್ಕೊಂಡು ಹೋಗಿ ಮೂಲೆಯಿಂದ ಮೂಲೆಗೆ ಹುರಿ ಎಳೆದೆ. ಮುಂದಿನ ಬಲಮೂಲೆಯಿಂದ ಹಿಂದಿನ ಎಡಮೂಲೆಗೆ ಸರಿಯಾಗಿ 50 ಅಡಿ. 30-40-50 ಲಂಬಕೋನ ತ್ರಿಭುಜ ಅಂತ ನನ್ನಂಥವನಿಗೂ ಗೊತ್ತು. ವರ್ಗ ಮಾಡಿ ಕೂಡಿದರೆ 14-48-50 ಕೂಡ ಅದೇ ಜಾತಿ. 600ಕ್ಕೆ 336 ಸೇರಿಸಿ, 936. ಗುಂಟೆಗೆ 153 ಅಡಿ ಕಮ್ಮಿ. ರೂಪಾಯಿಯಲ್ಲಿ 3,82,500.

ಅಪ್ಪ ಹುರಿಯನ್ನೇ ನೋಡ್ತಾ ನಿಂತರು. "ಅವನು ಸುತ್ತ ತಾನೇ ಅಳೆದಿದ್ದು" ಅಂದರು, ಅಷ್ಟೇ. ವಾಪಸು ಬರುವಾಗ ಸ್ಕೂಟರಿನಲ್ಲಿ ಒಂದು ಮಾತಿಲ್ಲ.

ಮಾಲೀಕರು ಒಳ್ಳೆಯವರು. ತಾವೇ ಇನ್ನೊಮ್ಮೆ ಹುರಿ ಹಿಡಿದು ನೋಡಿ 936ಕ್ಕೇ ಕರಾರು ಬರೆಸಿದರು. ಕಾಂಪೌಂಡಿಗೆ ಮಾತ್ರ ಪೂರ್ತಿ 132 ಅಡಿಯ ದುಡ್ಡು, ಮೇಸ್ತ್ರಿ ಒಂದಿಂಚೂ ಬಿಡ್ತಿಲ್ಲ :)