ಬಡಿಸುವ ಕೈಯ ಸಂಯಮ

ಕಂಬಂ ಕಣಿವೆಯ ಕಪ್ಪಿಲಿಯರ ಮನೆಗಳಲ್ಲಿ ಕನ್ನಡ ನುಡಿ ಉಳಿದಿದೆ. ‘ಇನ್ನೊಂದು ತುತ್ತು’ ಎಂದು ಒತ್ತಾಯಿಸಿ ಬಡಿಸುವ ರೂಢಿಯೂ ಉಳಿದಿದೆ. ಅಂತಹ ಮನೆಯೊಂದರ ಹಿರಿಯ ಮಗನಿಗೆ ತೂಕ ಇಳಿಸುವ ಶಸ್ತ್ರಚಿಕಿತ್ಸೆಯಾಯಿತು. ‘ಸ್ಲೀವ್’ ಎಂಬ ಈ ಕ್ರಮದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆಯುತ್ತಾರೆ. ಮೊದಲ ವರ್ಷ ತೂಕ ಇಳಿಯಿತು. ಎರಡನೆಯ ವರ್ಷ ತುಸು ಮರಳಿತು. ದಿಂಡಿಗಲ್ ಬಿರಿಯಾನಿಯನ್ನು ಅವನು ನಾಲ್ಕು ತುತ್ತಿಗಿಂತ ಹೆಚ್ಚು ತಿನ್ನಲಾರ. ಆದರೆ ಪನ್ನೀರ್ ದ್ರಾಕ್ಷಿಯ ರಸ, ಸಕ್ಕರೆ ಕಾಫಿ, ಹೊತ್ತುಹೊತ್ತಿಗೆ ಮುರುಕು, ಇವು ಕಿರಿದಾದ ಜಠರದಲ್ಲಿಯೂ ತಡೆಯಿಲ್ಲದೆ ಇಳಿಯುತ್ತವೆ.

ಆಗ ಮನೆಯವರೆಲ್ಲರೂ ವೈದ್ಯರ ಸೂಚನೆಯಂತೆ ಕ್ರಮ ಬದಲಿಸಿದರು. ತಟ್ಟೆಗೆ ಮೊದಲು ಮೊಟ್ಟೆ, ಮೀನು ಅಥವಾ ಕಾಳು, ಬಳಿಕ ತರಕಾರಿ, ಕೊನೆಗೆ ತುಸು ಅನ್ನ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್. ಪ್ರತಿ ತುತ್ತನ್ನೂ ಚೆನ್ನಾಗಿ ಅಗಿದು 20ರಿಂದ 30 ನಿಮಿಷಗಳ ಊಟ. ಊಟದೊಡನೆ ನೀರಿಲ್ಲ, ಅರ್ಧ ಗಂಟೆಯ ನಂತರ ಕುಡಿಯಬೇಕು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳು ಜೀವನಪರ್ಯಂತ. ವಾರಕ್ಕೊಮ್ಮೆ ತೂಕ ನೋಡುವುದು.

ಇವೆಲ್ಲ ಮಗನಿಗೆ ಅಭ್ಯಾಸವಾದವು. ಕಠಿಣವಾದದ್ದು ತಾಯಿಗೆ, ಬಡಿಸುವುದೇ ಆಕೆ ಬಲ್ಲ ಪ್ರೀತಿ. ಈಗ ಆಕೆ ‘ಸಾಕೇನಪ್ಪ?’ ಎಂದು ಒಮ್ಮೆ ಕೇಳಿ, ಉತ್ತರ ಬಂದೊಡನೆ ಸೌಟನ್ನು ಕೆಳಗಿಡುತ್ತಾಳೆ.